ಹೊಟ್ಟೆಯ ಚೀಲ ತೆಗೆಸುವ ಎರಡನೇ ಆಪರೇಶನ್: ಹೆದರಿ ಮುಂದೂಡಬೇಡಿ, ಅವಸರವೂ ಬೇಡ

ಶುಗರ್ ಇದೆ ಎಂದು ಮದುವೆ ಮನೆಯ ಪಂಕ್ತಿಯಲ್ಲೇ ನಾವು ಧಾರಾಳವಾಗಿ ಹೇಳುತ್ತೇವೆ. ಬೈಪಾಸ್ ಆದವರು ಅಂಗಿಯ ಗುಂಡಿ ಬಿಚ್ಚಿ ಎದೆಯ ಗೆರೆ ತೋರಿಸುತ್ತಾರೆ. ಆದರೆ ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸಿಕೊಂಡಿರುವ ವಿಷಯ ಮಾತ್ರ ಸ್ವಂತ ಮನೆಯಲ್ಲೂ ಪಿಸುಮಾತಿನಲ್ಲೇ ಇರುತ್ತದೆ. ಗಂಡಸಾದರೆ ಮೊದಲು ಮಸೀದಿಯ ಹಿಂದಿನ ಸಫ್‌ಗೆ ಸರಿಯುತ್ತಾನೆ, ಆಮೇಲೆ ಜುಮಾಕ್ಕೂ ಬರುವುದಿಲ್ಲ. ಹೆಂಗಸಾದರೆ ನೆಂಟರ ಮನೆಗೆ ಹೋಗುವುದನ್ನೇ ಬಿಡುತ್ತಾಳೆ. ಯಾರಾದರೂ ಕೇಳಿದರೆ 'ಗ್ಯಾಸ್ಟ್ರಿಕ್' ಎಂಬ ಒಂದೇ ಉತ್ತರ.

ಹೀಗೆ ಮುಚ್ಚಿಡುವುದರಿಂದ ಒಂದು ದೊಡ್ಡ ನಷ್ಟವಿದೆ. ಇಂಥ ಚೀಲ ಬಹಳ ಜನರಿಗೆ ತಾತ್ಕಾಲಿಕ. ಕೆಲವು ತಿಂಗಳ ನಂತರ ಇನ್ನೊಂದು ಆಪರೇಶನ್ ಮಾಡಿ ಕರುಳನ್ನು ಮತ್ತೆ ಜೋಡಿಸಿದರೆ ಚೀಲ ಬೇಕಾಗುವುದಿಲ್ಲ. ಆದರೆ ಯಾರ ಬಳಿಯೂ ಮಾತಾಡದೆ, ಹೆದರಿಕೆಗೆ, ದುಡ್ಡಿಗೆ, ಅಂಗಡಿ ಮುಚ್ಚಬೇಕಲ್ಲ ಎಂಬ ಚಿಂತೆಗೆ ಆ ಎರಡನೇ ಆಪರೇಶನ್ ವರ್ಷಗಟ್ಟಲೆ ಮುಂದೆ ಹೋಗುತ್ತದೆ. ಘಟ್ಟ ಹತ್ತಿ ಬಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ವ್ಯಾಪಾರ, ಕೂಲಿ ಅಂತ ನೆಲೆ ನಿಂತ ನಮ್ಮ ಮನೆಗಳಿಗೆ ಇದು ಇನ್ನೂ ಕಷ್ಟ. ದೊಡ್ಡ ಆಸ್ಪತ್ರೆ ಒಂದು ಕಡೆ, ನೋಡಿಕೊಳ್ಳುವ ಬಂಧುಬಳಗ ಮಂಗಳೂರು ಕಡೆ. ಅದಕ್ಕಾಗಿ ಈ ವಾರ ಈ ವಿಷಯವನ್ನು ಸ್ವಲ್ಪ ಬಿಡಿಸಿಯೇ ಮಾತಾಡೋಣ.

ಚೀಲ ಯಾಕೆ ಇಡುತ್ತಾರೆ?

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಅದರಲ್ಲಿ ಎಲ್ಲಾದರೂ ತೂತು ಬಿದ್ದರೆ, ಕಟ್ಟಿಕೊಂಡರೆ, ತಿರುಚಿಕೊಂಡರೆ, ಗೆಡ್ಡೆ ಬೆಳೆದರೆ ಮಲ ಮುಂದೆ ಹೋಗುವ ದಾರಿ ಮುಚ್ಚುತ್ತದೆ, ಅಥವಾ ಹೊಟ್ಟೆಯೊಳಗೆ ಸೋರಿ ನಂಜಾಗುತ್ತದೆ. ಅಂಥ ಹೊತ್ತಿನಲ್ಲಿ ಕೆಟ್ಟ ಭಾಗ ತೆಗೆದು ಅಲ್ಲೇ ಹೊಲಿದರೆ, ನಂಜು ತುಂಬಿದ ಜಾಗದಲ್ಲಿ ಆ ಹೊಲಿಗೆ ನಿಲ್ಲದೆ ಹೋಗಬಹುದು. ಆದ್ದರಿಂದ ಸರ್ಜನ್ ಕರುಳಿನ ತುದಿಯನ್ನು ಹೊಟ್ಟೆಯ ಚರ್ಮದ ಮೇಲೆ ತಂದು ಹೊಲಿಯುತ್ತಾರೆ. ಇದೇ ಕೊಲೊಸ್ಟಮಿ. ಹೊರಗೆ ಕಾಣುವ ಕೆಂಪು ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಅದಕ್ಕೆ ಮುಟ್ಟಿದರೆ ನೋವಿಲ್ಲ, ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಅದು ಕಪ್ಪಾದರೆ, ಒಳಗೆ ಕುಸಿದರೆ, ತುಂಬಾ ಹೊರಗೆ ಬಂದರೆ ಮಾತ್ರ ತಡಮಾಡದೆ ತೋರಿಸಬೇಕು.

ನಮ್ಮ ಈ ಕಡೆಯ ಬದುಕಿನಲ್ಲೇ ಇದಕ್ಕೆ ಕಾರಣಗಳಿವೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಮರದಿಂದ ಬೀಳುವುದು, ದೀಪಾವಳಿಯ ನಂತರ ಹೊನ್ನಾಳಿ, ನ್ಯಾಮತಿ ಕಡೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಂಬು ಹೊಟ್ಟೆಗೆ ತಾಗುವುದು, ಹೆದ್ದಾರಿಯ ಅಪಘಾತ. ವಯಸ್ಸಾದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್, ಕರುಳು ತಿರುಚಿಕೊಳ್ಳುವುದು. ಇನ್ನು ಹುಟ್ಟುವಾಗಲೇ ಗುದದ್ವಾರ ಸರಿಯಾಗಿ ರೂಪುಗೊಳ್ಳದ ಶಿಶುಗಳಿಗೂ, ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದೆ ಮಲ ಮುಂದೆ ಸಾಗದ ಶಿಶುಗಳಿಗೂ ಮೊದಲ ಕೆಲವು ದಿನಗಳಲ್ಲೇ ಕೊಲೊಸ್ಟಮಿ ಮಾಡಬೇಕಾಗಿ ಬರುವುದುಂಟು.

ಇದರಲ್ಲಿ ಮುಖ್ಯವಾಗಿ ಎರಡು ವಿಧ. ಒಂದು, ಕರುಳಿನ ಒಂದು ಸುರುಳಿಯನ್ನು ಹೊರಗೆ ಎಳೆದು ಬಾಯಿ ಮಾಡುವುದು. ಇದನ್ನು ಮುಚ್ಚುವುದು ಹೋಲಿಕೆಯಲ್ಲಿ ಸುಲಭ. ಇನ್ನೊಂದು, ಫ್ರಾನ್ಸಿನ ಸರ್ಜನ್ ಆಂರಿ ಹಾರ್ಟ್‌ಮನ್ 1921ರಲ್ಲಿ ವಿವರಿಸಿದ ವಿಧಾನ. ಕೆಟ್ಟ ಭಾಗ ತೆಗೆದು ಮೇಲಿನ ತುದಿಯನ್ನು ಹೊರಗೆ ತರುತ್ತಾರೆ, ಕೆಳಗಿನ ತುದಿಯನ್ನು ಹೊಲಿದು ಒಳಗೇ ಬಿಡುತ್ತಾರೆ. ಇದನ್ನು ಮರಳಿ ಜೋಡಿಸುವುದು ದೊಡ್ಡ ಆಪರೇಶನ್. ನಿಮ್ಮದು ಯಾವುದು ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತದೆ. ಆ ಕಾಗದ ಪಾಸ್‌ಪೋರ್ಟಿನಷ್ಟೇ ಮುಖ್ಯ, ಜೋಪಾನವಾಗಿಡಿ.

ಎಲ್ಲರದ್ದೂ ತೆಗೆಯಲು ಆಗ್ತದಾ?

ಇಲ್ಲ. ಗುದದ್ವಾರಕ್ಕೆ ತೀರಾ ಹತ್ತಿರ ಕ್ಯಾನ್ಸರ್ ಇದ್ದು, ಮಲ ತಡೆಹಿಡಿಯುವ ಸ್ನಾಯುವನ್ನೇ ತೆಗೆದಿದ್ದರೆ ಚೀಲ ಶಾಶ್ವತ. ಆ ಸ್ನಾಯು ತುಂಬಾ ದುರ್ಬಲವಾಗಿದ್ದರೆ, ಹೃದಯ ಅಥವಾ ಶ್ವಾಸಕೋಶ ಇನ್ನೊಂದು ದೊಡ್ಡ ಆಪರೇಶನ್ ತಡೆಯದಿದ್ದರೆ, ಡಾಕ್ಟರು ಬೇಡ ಅನ್ನಬಹುದು. ಬಾಪನಿಗೆ ಎಪ್ಪತ್ತೈದು ವರ್ಷ, ಹೃದಯ ವೀಕು, ಚೀಲಕ್ಕೆ ಒಗ್ಗಿಕೊಂಡಿದ್ದಾರೆ ಎಂದಾದರೆ ತೆಗೆಸದೆ ಇರುವುದೂ ಸರಿಯಾದ ತೀರ್ಮಾನವೇ. ನೆಂಟರ ಬಾಯಿ ಮುಚ್ಚಿಸಲು ಆಪರೇಶನ್ ಮಾಡಿಸಬಾರದು.

ಹಾಗಾಗಿ ಮೊದಲ ಆಪರೇಶನ್ ಆಗಿ ಮನೆಗೆ ಬರುವ ದಿನವೇ ಒಂದು ಪ್ರಶ್ನೆ ಕೇಳಿ: 'ಸರ್, ಇದು ತಾತ್ಕಾಲಿಕವೋ, ಶಾಶ್ವತವೋ? ತಾತ್ಕಾಲಿಕವಾದರೆ ಯಾವಾಗ ಬರಬೇಕು?' ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಎಷ್ಟು ದಿನ ಕಾಯಬೇಕು?

'ಇವತ್ತೇ ತೆಗೆದುಬಿಡಿ' ಎನ್ನುವವರೂ ಇದ್ದಾರೆ, 'ಇನ್ನು ಆ ಕಡೆ ಕಾಲಿಡುವುದಿಲ್ಲ' ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಮೊದಲ ಆಪರೇಶನ್ ಆದ ಮೇಲೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಊತ ಇರುತ್ತದೆ. ಆಗ ಮತ್ತೆ ಹೊಟ್ಟೆ ತೆರೆದರೆ ಚೆನ್ನಾಗಿರುವ ಕರುಳಿಗೂ ಪೆಟ್ಟಾಗಬಹುದು. ಸುರುಳಿ ವಿಧದ್ದಾದರೆ ಸಾಮಾನ್ಯವಾಗಿ ಎರಡು, ಮೂರು ತಿಂಗಳು, ಹಾರ್ಟ್‌ಮನ್ ವಿಧದ್ದಾದರೆ ಮೂರರಿಂದ ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಯಿಸುತ್ತಾರೆ. ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದ್ದರೆ ಹೆಚ್ಚಾಗಿ ಅದು ಮುಗಿಯುವ ತನಕ ಕಾಯಬೇಕಾಗುತ್ತದೆ.

ಲೋಕವೇ ನೋಡಿದ ಒಂದು ಉದಾಹರಣೆ ಇದೆ. 1981ರ ಮೇ 13ರಂದು ವ್ಯಾಟಿಕನ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ಮೇಲೆ ಗುಂಡಿನ ದಾಳಿಯಾಯಿತು. ಗುಂಡು ಕರುಳಿಗೆ ತಾಗಿತ್ತು. ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರಿಗೆ ತಾತ್ಕಾಲಿಕ ಕೊಲೊಸ್ಟಮಿ ಮಾಡಿದರು. ಆಗಸ್ಟ್ 5ರಂದು, ಅಂದರೆ ಸರಿಯಾಗಿ 12 ವಾರಕ್ಕೆ, ಎರಡನೇ ಆಪರೇಶನ್ ಮಾಡಿ ಅದನ್ನು ಮುಚ್ಚಿದರು. ಆಮೇಲೆ ಅವರು 2005ರ ತನಕ ಬದುಕಿದ್ದರು, ದೇಶ ದೇಶ ಸುತ್ತಿದರು. ಹೊಟ್ಟೆಯ ಚೀಲ ಯಾರ ಮಾನವನ್ನೂ ಕಳೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಮೂರು, ನಾಲ್ಕು ವರ್ಷ ಕಳೆದವರು 'ಇನ್ನು ತಡವಾಯಿತು' ಎಂದು ಸುಮ್ಮನೆ ಕೂರಬೇಡಿ. ವರ್ಷಗಳ ನಂತರವೂ ಜೋಡಿಸಲು ಸಾಧ್ಯವಾಗುವುದುಂಟು. ಆದರೆ ಬಳಕೆಯಿಲ್ಲದ ಕೆಳಗಿನ ಕರುಳು ಕಿರಿದಾಗುತ್ತದೆ, ಸ್ನಾಯು ಸೋಲುತ್ತದೆ, ಕೆಲಸ ಕಷ್ಟವಾಗುತ್ತದೆ. ಹೋಗಿ ಪರೀಕ್ಷೆ ಮಾಡಿಸಿ, ಆಮೇಲೆ ತೀರ್ಮಾನ.

ಕಾಯುವ ತಿಂಗಳುಗಳು ತಯಾರಿಯ ತಿಂಗಳುಗಳು

ಜೋಡಿಸಿದ ಕರುಳು ಕೂಡಬೇಕಾದರೆ ಮೈಯಲ್ಲಿ ಶಕ್ತಿ ಬೇಕು. ಮೊಟ್ಟೆ, ಮೀನು, ಬೇಳೆ, ಮೊಸರು ದಿನಾ ಹೊಟ್ಟೆಗೆ ಹೋಗಲಿ. ರಕ್ತ ಕಡಿಮೆ ಇದ್ದರೆ ಈಗಲೇ ಸರಿ ಮಾಡಿಸಿ. ಶುಗರ್ ಇದ್ದವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಹತೋಟಿಗೆ ತನ್ನಿ. ಬೀಡಿ, ಸಿಗರೇಟ್ ಸೇದುವವರಿಗೆ ಒಂದು ಮಾತು: ಹೊಗೆಯಿಂದ ಹೊಲಿಗೆಯ ಜಾಗಕ್ಕೆ ರಕ್ತ ಸಾಲದಾಗುತ್ತದೆ, ಗಾಯ ಕೂಡುವುದು ನಿಧಾನವಾಗುತ್ತದೆ. ಕಡಿಮೆಯೆಂದರೂ ಒಂದು ತಿಂಗಳು ಮೊದಲೇ ಬಿಡಿ, ಮತ್ತೆ ಹಿಡಿಯಬೇಡಿ.

ಈ ತಿಂಗಳುಗಳಲ್ಲಿ ಕೆಳಗಿನ ದಾರಿಯಿಂದ ಆಗಾಗ ಲೋಳೆ ಬರುತ್ತದೆ. ಬಹಳ ಜನ ಇದಕ್ಕೆ ಹೆದರುತ್ತಾರೆ. ಒಳಗಿರುವ ಕರುಳು ತನ್ನ ಕೆಲಸ ಮಾಡುತ್ತಿದೆ ಅಷ್ಟೆ. ರಕ್ತ ಅಥವಾ ಕೀವು ಬಂದರೆ ಮಾತ್ರ ತೋರಿಸಿ.

ಆಪರೇಶನ್‌ಗೆ ಮೊದಲು ಕ್ಯಾಮರಾ ನಳಿಕೆ ಹಾಕಿ ಸ್ಟೋಮಾದ ಕಡೆಯಿಂದಲೂ ಕೆಳಗಿನಿಂದಲೂ ನೋಡುವುದುಂಟು, ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯುವುದುಂಟು. ಮುಂದಿನ ದಾರಿ ತೆರೆದಿದೆಯಾ, ಎಲ್ಲಾದರೂ ಸೋರಿಕೆ ಅಥವಾ ಗೆಡ್ಡೆ ಇದೆಯಾ ಎಂದು ತಿಳಿಯಲು ಇದು ಬೇಕೇ ಬೇಕು. ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ. ಅದನ್ನು ನೀವಾಗಿ ನಿಲ್ಲಿಸಬೇಡಿ.

ಆಪರೇಶನ್ ಕೋಣೆಯಲ್ಲಿ

ಸುರುಳಿ ವಿಧದ್ದಾದರೆ ಸ್ಟೋಮಾದ ಸುತ್ತ ಕೊಯ್ದು, ಕರುಳು ಹೊಲಿದು, ಒಳಗೆ ಬಿಡುತ್ತಾರೆ. ಎಲ್ಲ ಸರಿ ಇದ್ದರೆ ಒಂದೆರಡು ಗಂಟೆಯ ಕೆಲಸ. ಹಾರ್ಟ್‌ಮನ್ ವಿಧದ್ದಾದರೆ ಹೊಟ್ಟೆ ತೆರೆದು ಅಥವಾ ಕೀಹೋಲ್ ಮೂಲಕ ಅಂಟು ಬಿಡಿಸಿ, ಒಳಗಿರುವ ತುದಿ ಹುಡುಕಿ, ಹೊಲಿಗೆ ಅಥವಾ ಸ್ಟೇಪ್ಲರ್‌ನಿಂದ ಜೋಡಿಸಬೇಕು. ಗಂಟೆಗಳೇ ಹಿಡಿಯಬಹುದು. ಕೆಲವೊಮ್ಮೆ ಹೊಸ ಜೋಡಣೆ ಗಟ್ಟಿಯಾಗುವ ತನಕ ಸಣ್ಣ ಕರುಳಿನಿಂದ ಮತ್ತೊಂದು ತಾತ್ಕಾಲಿಕ ಬಾಯಿ ಮಾಡಬೇಕಾಗಿ ಬರುತ್ತದೆ. 'ಚೀಲ ತೆಗೆಸಲು ಹೋದವರು ಇನ್ನೊಂದು ಚೀಲ ಹಾಕಿಸಿಕೊಂಡು ಬಂದರು' ಎಂದು ಮನೆಯವರು ಕುಸಿದು ಹೋಗುವುದು ಇಲ್ಲೇ. ಸಹಿ ಹಾಕುವ ಮೊದಲು ಈ ಸಾಧ್ಯತೆ ಎಷ್ಟು ಎಂದು ಕೇಳಿಕೊಂಡರೆ ಆ ಆಘಾತ ಇರುವುದಿಲ್ಲ.

ಅಪಾಯ ಇಲ್ಲ ಎಂದು ನಾವು ಹೇಳುವುದಿಲ್ಲ. ಗಾಯಕ್ಕೆ ನಂಜು, ಕರುಳು ಕೆಲವು ದಿನ ಸ್ತಬ್ಧವಾಗುವುದು, ಚೀಲ ಇದ್ದ ಜಾಗದಲ್ಲಿ ಮುಂದೆ ಹರ್ನಿಯಾ. ಇದರಲ್ಲಿ ದೊಡ್ಡ ಭಯ ಜೋಡಿಸಿದ ಜಾಗ ಸೋರುವುದು. ಹೆಚ್ಚಾಗಿ ಮೊದಲ ವಾರ, ಹತ್ತು ದಿನಗಳಲ್ಲಿ ಇದು ಗೊತ್ತಾಗುತ್ತದೆ. ಹಾಗಾಗಿ ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ಬಿಡದ ವಾಂತಿ, ಎದೆಬಡಿತ ಜೋರಾಗುವುದು, ಗಾಳಿಯೂ ಹೋಗದಿರುವುದು, ಗಾಯದಿಂದ ಕೀವು ಅಥವಾ ಮಲ ಬರುವುದು: ಇದರಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಬೇಡಿ. 108ಕ್ಕೆ ಫೋನ್ ಮಾಡಿ, ಆಪರೇಶನ್ ಮಾಡಿದ ಆಸ್ಪತ್ರೆಗೆ ತಿಳಿಸಿ.

ಮನೆಗೆ ಬಂದ ಮೇಲೆ

ವಾರ್ಡಿನಲ್ಲಿ ಡಾಕ್ಟರು ದಿನಾ ಕೇಳುವ ಪ್ರಶ್ನೆ, 'ಗಾಳಿ ಹೋಯ್ತಾ?' ನಾಚಿಕೊಳ್ಳಬೇಡಿ. ಕರುಳು ಎಚ್ಚರಗೊಂಡಿದೆ ಎಂಬುದರ ಮೊದಲ ಶುಭ ಸುದ್ದಿ ಅದೇ. ನೀರು, ಗಂಜಿ ತಿಳಿ, ಮೆತ್ತಗಿನ ಗಂಜಿ, ಮೊಸರನ್ನ, ಇಡ್ಲಿ ಹೀಗೆ ಮೆಲ್ಲ ಮೆಲ್ಲ ಮುಂದೆ ಹೋಗಬೇಕು. ಒಂದೇ ಸಲ ಹೊಟ್ಟೆ ತುಂಬಾ ಬೇಡ, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ. ಮೊದಲ ಕೆಲವು ವಾರ ಹಸಿ ತರಕಾರಿ, ತೆಂಗಿನಕಾಯಿ ಚೂರು, ಕಡಲೆ, ಖಾರ, ಎಣ್ಣೆ ತಿಂಡಿ ದೂರ ಇರಲಿ. ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ, ನಿಜ. ಆದರೆ ಬಿರಿಯಾನಿಯ ಪಾತ್ರೆ ಹಿಡಿದುಕೊಂಡು ಹೋಗಬೇಡಿ ಮಾರಾಯ್ರೆ. ಎಳನೀರು ತರುವುದಾದರೂ ಶುಗರ್, ಕಿಡ್ನಿ ತೊಂದರೆ ಇದೆಯಾ ಎಂದು ಮನೆಯವರನ್ನು ಕೇಳಿಯೇ ತನ್ನಿ.

ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಚೀಲ ಹೋದ ಮಾರನೇ ದಿನದಿಂದ ಎಲ್ಲವೂ ಮೊದಲಿನಂತೆ ಆಗುವುದಿಲ್ಲ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಇದ್ದ ದಾರಿ ಅದು. ದಿನಕ್ಕೆ ಐದಾರು ಸಲ, ಕೆಲವರಿಗೆ ಅದಕ್ಕಿಂತ ಹೆಚ್ಚು ಸಲ ಹೋಗಬೇಕಾಗುತ್ತದೆ. ತಡೆಯಲು ಆಗುವುದಿಲ್ಲ, ಬಟ್ಟೆ ಹಾಳಾಗುತ್ತದೆ. 'ಇದಕ್ಕಿಂತ ಚೀಲವೇ ವಾಸಿಯಿತ್ತು' ಎಂದು ಅನ್ನಿಸುವ ದಿನಗಳೂ ಬರುತ್ತವೆ. ಗುದದ್ವಾರಕ್ಕೆ ಹತ್ತಿರದಲ್ಲಿ ಜೋಡಿಸಿದವರಿಗೆ ಇದು ಹೆಚ್ಚು. ಹೆಚ್ಚಿನವರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಹತೋಟಿಗೆ ಬರುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ನೀರಿನಿಂದ ತೊಳೆಯುವ ನಮ್ಮ ಅಭ್ಯಾಸ ಇಲ್ಲಿ ಒಳ್ಳೆಯದೇ. ತೊಳೆದ ಮೇಲೆ ಉಜ್ಜದೆ ಮೆತ್ತಗಿನ ಬಟ್ಟೆಯಿಂದ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿದರೆ ಚರ್ಮ ಸುಲಿಯುವುದಿಲ್ಲ. ಮಲ ತಡೆಯುವಾಗ ಬಿಗಿ ಹಿಡಿಯುವಂತೆ ಸ್ನಾಯುವನ್ನು ಬಿಗಿದು, ಬಿಡುವ ವ್ಯಾಯಾಮವನ್ನು ಡಾಕ್ಟರಲ್ಲಿ ಕೇಳಿ ಕಲಿತು ದಿನಾ ಮಾಡಿ. ಭೇದಿ ನಿಲ್ಲಿಸುವ ಮಾತ್ರೆ ಡಾಕ್ಟರು ಹೇಳಿದರೆ ಮಾತ್ರ.

ಆರರಿಂದ ಎಂಟು ವಾರ ನಾಲ್ಕೈದು ಕೆ.ಜಿ.ಗಿಂತ ಹೆಚ್ಚು ಭಾರ ಎತ್ತಬಾರದು. ಅಡಿಕೆ ಚೀಲ, ಸಿಮೆಂಟ್ ಮೂಟೆ ಇರಲಿ, ತುಂಬಿದ ಕೊಡ ನೀರೂ ಬೇಡ. ಜಗಳೂರಿನಂಥ ನೀರಿನ ಬರ ಇರುವ ಕಡೆ ಆಪರೇಶನ್ ಆದ ಹೆಂಗಸು ಕೊಡ ಹಿಡಿದು ನಲ್ಲಿ ಮುಂದೆ ನಿಲ್ಲುವುದನ್ನು ಮನೆಯ ಗಂಡಸರೇ ತಪ್ಪಿಸಬೇಕು. ತುಂಬಿದ ಗ್ಯಾಸ್ ಸಿಲಿಂಡರ್ 30 ಕೆ.ಜಿ. ಹತ್ತಿರ ಇರುತ್ತದೆ, ಅದನ್ನು ಸರಿಸುವುದೂ ಅವಳ ಕೆಲಸವಲ್ಲ. ದಿನಾ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವುದು ಮಾತ್ರ ಎಲ್ಲರಿಗೂ ಮದ್ದು.

ನಮಾಝ್, ನೋಂಬು

ನಮ್ಮ ಜನರ ಮನಸ್ಸಿನ ದೊಡ್ಡ ಕೊರಗು ಇದೇ. ಚೀಲ ಇಟ್ಟುಕೊಂಡು ನಮಾಝ್ ಆಗ್ತದಾ? ಮಸೀದಿಗೆ ಹೋಗಬಹುದಾ? ಇಲ್ಲಿ ನಾವು ಫತ್ವಾ ಕೊಡುವವರಲ್ಲ. ಆದರೆ ನಾವು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ, ಶುದ್ಧಿ ತಡೆದು ನಿಲ್ಲಿಸಲು ಆಗದ ನಿರಂತರ ತೊಂದರೆ ಇರುವವರಿಗೆ ದಾರಿ ಹೇಳಿದ್ದಾರೆ. ನಮಾಝಿನ ಸಮಯ ಆದ ಮೇಲೆ ಶುಚಿ ಮಾಡಿಕೊಂಡು, ಸೋರದಂತೆ ಭದ್ರ ಮಾಡಿಕೊಂಡು, ವುಝೂ ಮಾಡಿ, ತಡಮಾಡದೆ ನಮಾಝ್ ಮಾಡುವುದು, ಒಂದು ಫರ್ಝ್‌ಗೆ ಒಂದು ವುಝೂ. ಸ್ಟೋಮಾ ಎಲ್ಲಿದೆ, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂಬುದರ ಮೇಲೆ ಒಬ್ಬೊಬ್ಬರ ಮಸ್‌ಅಲ ಬೇರೆಯಾಗಬಹುದು. ನಿಮ್ಮ ಜಮಾಅತಿನ ಉಸ್ತಾದರನ್ನು ಒಂಟಿಯಾಗಿ ಕಂಡು ಕೇಳಿ. ಉಸ್ತಾದರಲ್ಲಿ ಗುಟ್ಟು ಹೇಳಿದರೆ ಊರಿಡೀ ಆಗುವುದಿಲ್ಲ.

ಆಪರೇಶನ್ ಆದ ಹೊಸತರಲ್ಲಿ ಸುಜೂದ್‌ಗೆ ಬಾಗುವುದು ನೋವಾದರೆ ಕುರ್ಚಿಯಲ್ಲಿ ಕೂತು ಮಾಡಬಹುದು. ನೋಂಬಿನ ವಿಷಯದಲ್ಲೂ ರೋಗಿಗೆ ರಿಯಾಯಿತಿ ಇದೆ, ಗುಣವಾದ ಮೇಲೆ ಕಳಾ ವೀಟಬಹುದು. ಗಾಯ ಒಣಗದೆ, ಭೇದಿ ನಿಲ್ಲದೆ ಉಪವಾಸ ಹಿಡಿದರೆ ನೀರಿನಂಶ ಕಡಿಮೆಯಾಗಿ ಕಿಡ್ನಿಗೆ ಪೆಟ್ಟು. ಮೊದಲು ಡಾಕ್ಟರ ಮಾತು, ಆಮೇಲೆ ಉಸ್ತಾದರ ಮಾತು ಕೇಳಿ ತೀರ್ಮಾನಿಸಿ.

ಜಮಾಅತ್ ಕಮಿಟಿಯವರಲ್ಲಿ ನಮ್ಮದೊಂದು ಕೋರಿಕೆ. ಮಸೀದಿಯ ಒಂದು ಶೌಚಾಲಯದಲ್ಲಿ ಒಳಗಿನಿಂದ ಚಿಲಕ, ಕೈಗೆ ಸಿಗುವ ನೀರಿನ ಪೈಪ್, ಅಂಗಿ ತೂಗುಹಾಕಲು ಒಂದು ಮೊಳೆ, ಮುಚ್ಚಳ ಇರುವ ಕಸದ ಡಬ್ಬಿ ಇಡಿ. ಖರ್ಚು ಸಾವಿರ ರೂಪಾಯಿ ಆಗಲಿಕ್ಕಿಲ್ಲ. ಜುಮಾ ಬಿಟ್ಟ ಒಬ್ಬರು ಮರಳಿ ಬಂದರೆ ಅದಕ್ಕಿಂತ ದೊಡ್ಡ ಲಾಭ ಯಾವುದು?

ಎಲ್ಲಿಗೆ ಹೋಗುವುದು, ದುಡ್ಡಿಗೆ ಏನು ಮಾಡುವುದು?

ಮೊದಲ ಆಪರೇಶನ್ ಮಾಡಿದ ಸರ್ಜನ್ ಬಳಿಗೇ ಹೋಗುವುದು ಒಳ್ಳೆಯದು, ಒಳಗೆ ಏನು ಮಾಡಿದ್ದೇವೆಂದು ಅವರಿಗೆ ಗೊತ್ತು. ಆಗದಿದ್ದರೆ ಆಪರೇಶನ್ ವಿವರದ ಪ್ರತಿ, ಸ್ಕ್ಯಾನ್, ಬಯಾಪ್ಸಿ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ಚನ್ನಗಿರಿ, ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಹತ್ತಿರ. ಮನೆಯವರು ಮಂಗಳೂರಿನಲ್ಲಿದ್ದರೆ ವೆನ್ಲಾಕ್ ಇದೆ. ಕ್ಯಾನ್ಸರ್ ಇದ್ದವರಿಗೆ ಬೆಂಗಳೂರಿನ ಕಿದ್ವಾಯಿ. ಎಲ್ಲಿಗೇ ಹೋಗಿ, ಎರಡು ವಾರ ಜೊತೆ ನಿಲ್ಲುವವರು ಯಾರು ಎಂದು ಮೊದಲು ನಿರ್ಧರಿಸಿ. ದೂರದ ದೊಡ್ಡ ಹೆಸರಿಗಿಂತ, ತೊಂದರೆಯಾದರೆ ರಾತ್ರಿಯೇ ತಲುಪಬಹುದಾದ ಆಸ್ಪತ್ರೆ ಮೇಲು.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಮೊದಲು ತಾಲೂಕು ಸರಕಾರಿ ಆಸ್ಪತ್ರೆಗೆ ಹೋಗಿ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರಕಾರಿ ಆಸ್ಪತ್ರೆಯ ರೆಫರಲ್ ಕಾಗದ ಬೇಕಾಗುತ್ತದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು, ನಿಮ್ಮ ಆಪರೇಶನ್‌ಗೆ ಮಂಜೂರಾತಿ ಸಿಗುತ್ತದಾ, ಕೈಯಿಂದ ಏನಾದರೂ ಕೊಡಬೇಕಾ ಎಂದು ದಾಖಲಾಗುವ ಮೊದಲೇ ಕೇಳಿ.

ಮಕ್ಕಳ ವಿಷಯ

ಗುದದ್ವಾರ ಇಲ್ಲದೆ ಹುಟ್ಟಿದ ಮಗುವಿಗೆ ಹೆಚ್ಚಾಗಿ ಮೂರು ಹಂತ. ಮೊದಲು ಕೊಲೊಸ್ಟಮಿ, ಕೆಲವು ತಿಂಗಳ ನಂತರ ಸರಿಯಾದ ಜಾಗದಲ್ಲಿ ದಾರಿ ಮಾಡುವುದು, ಕೊನೆಗೆ ಕೊಲೊಸ್ಟಮಿ ಮುಚ್ಚುವುದು. ನಡುವೆ ಹೊಸ ದಾರಿ ಮುಚ್ಚಿಹೋಗದಂತೆ ಡಾಕ್ಟರು ಕೊಟ್ಟ ಕಡ್ಡಿಯಿಂದ ಮನೆಯಲ್ಲೇ ದಿನಾ ಹಿಗ್ಗಿಸಬೇಕಾಗುತ್ತದೆ. ಮಗು ಅಳುತ್ತದೆ, ಉಮ್ಮನ ಕೈ ನಡುಗುತ್ತದೆ. ಆದರೆ ಅದನ್ನು ಬಿಟ್ಟರೆ ಮಾಡಿದ ಆಪರೇಶನ್ ಹಾಳು. ಇದು ಉಮ್ಮನ ತಪ್ಪಿನಿಂದ ಬಂದದ್ದಲ್ಲ, ಗ್ರಹಣದಿಂದ ಬಂದದ್ದೂ ಅಲ್ಲ. ಸೊಸೆಗೆ ಚುಚ್ಚುಮಾತು ಆಡುವ ಬದಲು ಮಗುವನ್ನು ಎತ್ತಿಕೊಂಡು ಅವಳಿಗೆ ಒಂದು ಗಂಟೆ ನಿದ್ದೆ ಮಾಡಲು ಬಿಡಿ. ಮದ್ರಸ, ಶಾಲೆಗೆ ಸೇರುವ ವಯಸ್ಸಿಗೆ ಮೊದಲೇ ಎಲ್ಲ ಹಂತ ಮುಗಿಸುವುದು ಒಳ್ಳೆಯದು.

ಉಳಿದವರಿಗೆ ಒಂದು ಮಾತು

ಚೀಲ ತೆಗೆಯಲು ಆಗದವರ ಬದುಕು ಅಲ್ಲಿಗೇ ನಿಂತಿಲ್ಲ. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸನ್ ತನ್ನ ಸ್ವಂತ ತಂಗಿಯ ಅವಸ್ಥೆ ನೋಡಲಾರದೆ ಯೋಚಿಸಿದ್ದೇ ಚರ್ಮಕ್ಕೆ ಅಂಟುವ ಈ ಚೀಲ. ಮನೆಯಿಂದ ಹೊರಗೆ ಬರಲೂ ಹೆದರುತ್ತಿದ್ದ ತಂಗಿ ಹೊರಗೆ ಬರಲಿ ಎಂಬುದೇ ಅವಳ ಆಸೆ. ಇಂದು ಅಂಥ ಚೀಲ ಇಟ್ಟುಕೊಂಡು ಅಂಗಡಿ ನಡೆಸುವವರು, ಲಾರಿ ಓಡಿಸುವವರು, ಹಜ್ಜ್ ಮಾಡಿದವರು ಲೋಕದಲ್ಲಿ ಎಷ್ಟೋ ಮಂದಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಚೀಲ ಇದ್ದರೆ ಈ ವಾರ ಒಂದೇ ಕೆಲಸ ಮಾಡಿ. ಪೆಟ್ಟಿಗೆಯಿಂದ ಆ ಹಳೆಯ ಡಿಸ್ಚಾರ್ಜ್ ಕಾಗದ ಹೊರಗೆ ತೆಗೆದು, ಮತ್ತೆ ತೋರಿಸಲು ಹೇಳಿದ ತಾರೀಕು ಯಾವುದೆಂದು ನೋಡಿ. ಅದು ದಾಟಿಹೋಗಿದ್ದರೆ ಸೋಮವಾರವೇ ಒಪಿಡಿ ಚೀಟಿ ಮಾಡಿಸಿ.